ಅಪ್‌ಡೇಟ್: ಕಬ್ಬಿನ ಲಿಸ್ಟು ಬೆಳೆಯ ಲಿಸ್ಟಲ್ಲ

ಹೋದ ವಾರ ಕೇಳಿದ್ದೆ. ಮಂಡ್ಯದ ನಮ್ಮ ಗದ್ದೆಯ ತೂಕದ ಲೆಕ್ಕಕ್ಕೆ ಜಾವಾದಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. 'ಕಬ್ಬು', 'ಭತ್ತ' ಎರಡೂ 'ಬೆಳೆ'ಯ ಸಬ್‌ಕ್ಲಾಸ್, ಅಂದರೆ ಬೆಳೆಯ ಒಂದೊಂದು ಬಗೆ. ಆದರೂ ಬೆಳೆಯ ಲಿಸ್ಟ್ ಕೇಳುವ ಮೆಥಡ್‌ಗೆ (ಒಂದು ಕೆಲಸ ಮಾಡುವ ಕೋಡಿನ ತುಂಡು) ಕಬ್ಬಿನ ಲಿಸ್ಟ್ ಕೊಟ್ಟರೆ, ಓಡಿಸುವ ಮೊದಲೇ ಕೋಡ್ ಪರೀಕ್ಷಿಸುವ ಕಂಪೈಲರ್ ಒಪ್ಪುವುದಿಲ್ಲ. ಲಿಸ್ಟಿನ ಬದಲು ಅರೇ (array, ಸಾಲಾಗಿ ಜಾಗ ಹಿಡಿದಿಡುವ ಇನ್ನೊಂದು ರೀತಿ) ಆದರೆ ಸುಮ್ನೆ ಒಪ್ಪುತ್ತದೆ. ಯಾಕೆ ಅಂತ.

"ಅರೇಯಲ್ಲೇ ಭತ್ತ ಹಾಕಿ ನೋಡಿ" ಎಂದು ಒಬ್ಬರು ಹೇಳಿದ್ದರು. ನೋಡಿದೆ. ಕಬ್ಬಿನ ಅರೇಯನ್ನು ಬೆಳೆಯ ಅರೇ ಎಂದು ಹಿಡಿದು, ಮೊದಲ ಜಾಗಕ್ಕೆ ಒಂದು ಭತ್ತ ಇಟ್ಟೆ. ಕಂಪೈಲ್ ಆಯಿತು, ಖುಷಿಯಾಯಿತು. ಓಡಿಸಿದ ತಕ್ಷಣ ಅರೇಸ್ಟೋರ್‌ಎಕ್ಸೆಪ್ಶನ್, ಅಂದರೆ ಅರೇಗೆ ತಪ್ಪು ಬಗೆಯದನ್ನು ಹಾಕಿದ್ದೀರಿ ಎಂಬ ದೋಷ! ಕಬ್ಬಿನ ಗಾಡಿಯಲ್ಲಿ ಭತ್ತದ ಮೂಟೆ ತಂದು ಗಾಣದ ಬಾಯಿಗೆ ಒಡ್ಡಿದ ಹಾಗಾಯಿತು. ಲಿಸ್ಟ್ ಬಾಗಿಲಲ್ಲೇ ತಡೆಯುತ್ತದೆ, ಅರೇ ಆಲೆಮನೆ ಒಳಗೆ ಬಿಟ್ಟುಕೊಂಡು ಆಮೇಲೆ ಬೈಯುತ್ತದೆ. ಅರೇಯ ಈ ನಿಯಮ, 2004ರಲ್ಲಿ ಜಾವಾ 5ರ ಜೊತೆ ಬಂದ ಜೆನೆರಿಕ್ಸ್‌ಗಿಂತ (ಲಿಸ್ಟಿನಲ್ಲಿ ಯಾವ ಬಗೆಯದು ಇರಬೇಕೆಂದು ಮೊದಲೇ ಹೇಳುವ ಸೌಲಭ್ಯ) ಹಳೆಯದಂತೆ. ನನಗಂತೂ ಲಿಸ್ಟಿನ ಸಿಡುಕೇ ವಾಸಿ.

ನನ್ನ ಮೆಥಡ್ ತೂಕ ಕೂಡಿಸುತ್ತದೆ ಅಷ್ಟೇ, ಹೊಸದೇನೂ ಸೇರಿಸುವುದಿಲ್ಲ ಅಲ್ವಾ? ಹಾಗಾಗಿ 'ಲಿಸ್ಟ್<? ಎಕ್ಸ್‌ಟೆಂಡ್ಸ್ ಬೆಳೆ>' ಎಂದು, ಅಂದರೆ ಬೆಳೆಯ ಯಾವುದೋ ಒಂದು ಬಗೆಯ ಲಿಸ್ಟ್ ಎಂದು, ಬದಲಿಸಿದೆ. ಈಗ ಕಬ್ಬಿನ ಲಿಸ್ಟೂ ಹೋಗುತ್ತದೆ, ಭತ್ತದ ಲಿಸ್ಟೂ ಹೋಗುತ್ತದೆ. ಬೇಕೆಂದೇ ಅದರೊಳಗೆ ಒಂದು ಕಬ್ಬು ಸೇರಿಸಲು ನೋಡಿದೆ, ಕಂಪೈಲರ್ ಬಿಡಲಿಲ್ಲ. ಕೈಗೆ ಬಂದಿರುವುದು ಭತ್ತದ ಲಿಸ್ಟೂ ಆಗಿರಬಹುದಲ್ಲ!

ದಿನದ ಕೊಯ್ಲು ಸೇರಿಸುವ ಮೆಥಡ್‌ಗೆ '? ಸೂಪರ್ ಕಬ್ಬು' (ಕಬ್ಬಿನದೋ ಅದಕ್ಕಿಂತ ಮೇಲಿನ ಬಗೆಯದೋ ಲಿಸ್ಟ್) ಹಾಕಿದೆ, ಬೆಳೆಯ ಲಿಸ್ಟಿಗೂ ಕಬ್ಬು ಸೇರುತ್ತದೆ. ಕ್ಯಾಸ್ಟ್ ಮಾಡಿ (ಇದು ಇಂಥ ಬಗೆಯದೇ ಎಂದು ಕಂಪೈಲರ್‌ಗೆ ಒತ್ತಾಯಿಸಿ ಹೇಳಿ) ತಪ್ಪಿಸಿಕೊಂಡಿದ್ದ ಮೂರು ಸಾಲು ಅಳಿಸಿ ಹಾಕಿದ್ದೇನೆ.