ಥೈರಾಯ್ಡ್ ಆಪರೇಶನ್ ಆದ್ಮ್ಯಾಲ ಅವ್ವನ ದನಿ ಬಿದ್ದೈತಿ, ಹೊಸ ರಿಸರ್ಚ್ ಏನ್ ಹೇಳ್ತೈತ್ರಿ?

ಪ್ರಶ್ನೆ (ಗಂಗಾವತಿ, ಕೊಪ್ಪಳ ಜಿಲ್ಲೆ): ಮೇಡಂ ನಮಸ್ಕಾರ್ರಿ. ನಮ್ಮವ್ವಗ 48 ವರ್ಷ, ಸಂತ್ಯಾಗ ಕಾಯಿಪಲ್ಲೆ ಮಾರ್ತಾಳ. ಐದು ವಾರದ ಹಿಂದ ಥೈರಾಯ್ಡ್ ಆಪರೇಶನ್ ಆತು, ಅವತ್ತಿಂದ ಮಾತಾಡಿದ್ರ ಬರೀ ಗಾಳಿನ ಬರ್ತೈತಿ, ನೀರು ಕುಡದ್ರ ನೆತ್ತಿಗೆ ಹತ್ತಿ ಕಣ್ಣಾಗ ನೀರು ಬರೋಮಟ ಕೆಮ್ಮತಾಳ. ಕ್ಯಾಮೆರಾ ಹಾಕಿ ನೋಡಿ ಎಡಗಡೆ ವೋಕಲ್ ಕಾರ್ಡ್ (ದನಿ ಹೊಂಡಸೋ ಗಂಟಲ ಪದರ) ಅಲ್ಲಾಡವಲ್ದು, ಒಂದು ವರ್ಷ ಕಾಯ್ರಿ ಅಂದಾರ. ನಮ್ಮ ಮಾವ ಈಗ ಸ್ಟೆಮ್ ಸೆಲ್ ಅಂತ ಜೀವಕೋಶದ ಚಿಕಿತ್ಸಾ ಬಂದೈತಿ, ಹೊಲ ಒತ್ತಿ ಇಟ್ಟರ ಮಾಡಿಸೋಣು ಅನ್ನಾಕತ್ಯಾನ. ಏನ್ ಮಾಡ್ಲಿ ಹೇಳ್ರಿ.

ಉತ್ತರ (ಸ್ಪೀಚ್ ಥೆರಪಿಸ್ಟ್, ರಾಯಚೂರು): ತಮ್ಮಾ, ಮೊದಲ ಹೊಲದ ಮಾತು ಬಿಡು. 2015ರಾಗ ಅಮೆರಿಕಾದ ವಿಸ್ಕಾನ್ಸಿನ್‌ದಾಗ ಮನುಷ್ಯರ ಜೀವಕೋಶದಿಂದ ಲ್ಯಾಬ್‌ನಾಗ ವೋಕಲ್ ಕಾರ್ಡ್ ಪದರ ಬೆಳೆಸಿದ್ದು ಖರೆ, ಸತ್ತ ನಾಯಿ ಗಂಟಲ ಪೆಟ್ಟಿಗಿಗೆ ಕೂಡಿಸಿ ಗಾಳಿ ಊದಿದ್ರ ದನಿನೂ ಬಂತು. ಆದ್ರ ಅದು ಕಾರ್ಡಿನ ಪದರ ಹಾಳಾದವರ ಸಲುವಾಗಿ ನಡದ ಕೆಲಸ. ನಿಮ್ಮವ್ವನ ಕಾರ್ಡ್ ಗಟ್ಟಿ ಐತಿ, ಅದಕ್ಕ ಹೋಗೋ ನರಕ್ಕ ಪೆಟ್ಟಾಗೇತಿ. ರೋಗನ ಬ್ಯಾರೆ.

ಆ ನರದ ದಾರಿ ಕೇಳು, ಎಡಗಡೆದು ಮೆದುಳಿಂದ ಹೊಂಟು ಎದಿಯೊಳಗ ಇಳದು, ಹೃದಯದಿಂದ ಬರೋ ದೊಡ್ಡ ರಕ್ತನಾಳ ಸುತ್ತಿ ತಿರುಗಿ ಮ್ಯಾಲ ಬಂದು ಥೈರಾಯ್ಡ್ ಹಿಂದ ಅಂಟಿಕೊಂಡ ಗಂಟಲಕ್ಕ ಸೇರ್ತೈತಿ. ಆಪರೇಶನ್‌ದಾಗ ಅದು ಜಗ್ಗಿರಬಹುದು, ಬಾತಿರಬಹುದು, ತುಂಡಾಗಿರಬಹುದು. ಸರ್ಜನ್‌ಗ ಇದೊಂದ ಕೇಳು, "ನರ ಉಳದೈತೋ ಕಟ್ ಆಗೇತೋ" ಅಂತ, ಆಪರೇಶನ್ ನೋಟ್ಸ್ ಕಾಪಿ ಇಸಗೋ. ಜಗ್ಗಿದ್ದು ತಿಂಗಳಾನುಗಟ್ಲೆ ತಗೊಂಡು ತಾನ ಸರಿಯಾಗಬಹುದು. ಕಟ್ ಆಗಿದ್ರ ಸುಮ್ನ ಕಾಯೋದ್ರಾಗ ಅರ್ಥ ಇಲ್ಲ.

ಒಂದು ವರ್ಷ ಕಾಯ್ರಿ ಅಂದದ್ದು ಕಾಯಂ ಆಪರೇಶನ್‌ಗ ಸರಿ. ಆದ್ರ ರಿಸರ್ಚ್ ಬದಲಾಗಿದ್ದು ಇಲ್ಲೇ ನೋಡು. 1911ರಾಗ ಬ್ರೂನಿಂಗ್ಸ್ ಅನ್ನೋ ಜರ್ಮನ್ ಡಾಕ್ಟರ್ ಎರಡೂ ಕಾರ್ಡ್ ನಡುವ ಕೂಡಲಿ ಅಂತ ಅಲ್ಲಾಡದ ಕಾರ್ಡಿಗೆ ಮೇಣದಂಥ ಪ್ಯಾರಫಿನ್ ಚುಚ್ಚಿ ಉಬ್ಬಿಸಿದ್ರು, 1962ರಿಂದ ಟೆಫ್ಲಾನ್ ಬಂತು, ಅದು ಒಳಗ ಗಂಟು ಕಟ್ಟಾಕ ಹತ್ತಿದ ಮ್ಯಾಲ ಬಿಟ್ಟರು. 1974ರಾಗ ಜಪಾನಿನ ಇಶ್ಶಿಕಿ ಹೊರಗಿಂದ ಗಂಟಲ ಪೆಟ್ಟಿಗಿಯ ಮೆತ್ತನ ಎಲುಬಿಗೆ (ಮೃದ್ವಸ್ಥಿ) ಕಿಟಕಿ ಕೊರದು ಕಾರ್ಡನ್ನ ನಡುವಕ್ಕ ತಳ್ಳೋದು ತೋರಿಸಿದ್ರು, ಅದು ಇವತ್ತಿಗೂ ನಡೀತೈತಿ. ಈಗಿನ ಒಲವು ಏನಂದ್ರ, ಕಾಯೋ ತಿಂಗಳಾಗ ಪೇಶಂಟ್ ದನಿ ಇಲ್ದ ನರಳೋದು ಬ್ಯಾಡ ಅಂತ ಹೈಲುರಾನಿಕ್ ಆಸಿಡ್‌ನಂಥ ಕರಗಿ ಹೋಗೋ ಜೆಲ್ ಚುಚ್ಚೋದು, ಭಾಳಷ್ಟು ಸಲ ಕುರ್ಚಿ ಮ್ಯಾಲ ಕುಂದ್ರಿಸೇ, ಜಾಗ ಅಷ್ಟ ಮರಗಟ್ಟಿಸಿ. ಕೆಲವು ತಿಂಗಳಕ್ಕ ಕರಗತೈತಿ, ಅಷ್ಟರಾಗ ನರ ಎದ್ರ ಎದ್ದೀತು. ಲಗೂನ ಇದನ್ನ ಹಾಕಿಸಿಕೊಂಡವರಿಗೆ ಮುಂದ ಕಾಯಂ ಆಪರೇಶನ್ ಕಡಿಮಿ ಬೇಕಾತು ಅಂತ ಹಲವು ಅಧ್ಯಯನ ಹೇಳ್ಯಾವ, ಆದ್ರ ಅವು ಹೆಚ್ಚಾಗಿ ಹಳೆ ಕೇಸ್ ಹಾಳಿ ತಗದು ನೋಡಿದವು, ಹಂಗಂತ ಗ್ಯಾರಂಟಿ ಅನ್ಕೋಬ್ಯಾಡ.

ಅದೇ ಹುಡುಗ: ನರ ಜೋಡಸ್ತಾರ ಅಂತಾರಲ್ರಿ, ಅದು?

ಉತ್ತರ: ಹೌದು, ಕುತ್ತಿಗಿ ಸ್ನಾಯುವಿಗೆ ಹೋಗೋ ಒಂದು ನರ ಕೊಯ್ದು ಈ ನರಕ್ಕ ಹೊಲಿತಾರ. ಕಾರ್ಡ್ ಮತ್ತ ಅಲ್ಲಾಡಂಗಿಲ್ಲ, ಆದ್ರ ಸ್ನಾಯು ಒಣಗದ ದಪ್ಪ ಉಳದು ನಡುವಕ್ಕ ನಿಲ್ಲತೈತಿ, ದನಿ ಬರಾಕ ತಿಂಗಳುಗಟ್ಲೆ ಬೇಕು. 2011ರ ಒಂದು ಟ್ರಯಲ್‌ದಾಗ 52 ವರ್ಷದೊಳಗಿನವರಿಗೆ ಇದು, ಮ್ಯಾಲಿನವರಿಗೆ ಇಶ್ಶಿಕಿ ಪದ್ಧತಿ ಚಲೋ ಕಂಡೈತಿ. ಒಟ್ಟು 24 ಮಂದಿ ಇದ್ದ ಸಣ್ಣ ಟ್ರಯಲ್, ಆದ್ರೂ ವಯಸ್ಸು ನೋಡಿ ತೀರ್ಮಾನ ಮಾಡೋದು ಅಲ್ಲಿಂದ ಗಟ್ಟಿ ಆತು. ನಿಮ್ಮವ್ವ 48, ನೆನಪಿರಲಿ.

ಮತ್ತೊಬ್ಬರು (ಸಿಂಧನೂರು): ಮೇಡಂ ನನಗ ಎರಡು ತಿಂಗಳಾತು ದನಿ ಒಡದು, ಆಪರೇಶನ್ ಏನೂ ಆಗಿಲ್ಲ, ಗುಳಿಗಿ ನುಂಗಾಕತ್ತೀನಿ.

ಉತ್ತರ: ಅಣ್ಣಾ, ಗುಳಿಗಿ ಆಮ್ಯಾಲ. ದನಿ ಒಡದದ್ದು ಹೋಗದಿದ್ರ ಗಂಟಲ ಒಳಗ ನೋಡಾಕ ಅಮೆರಿಕಾದ ಕಿವಿ-ಮೂಗು-ಗಂಟಲ ಡಾಕ್ಟರ್‌ಗಳ ಗೈಡ್‌ಲೈನ್ 2009ರಾಗ ಮೂರು ತಿಂಗಳು ಬಿಟ್ಟಿತ್ತು, 2018ರಾಗ ನಾಲ್ಕೇ ವಾರಕ್ಕ ಇಳಿಸ್ಯಾರ. ಎಡಗಡೆ ನರ ಎದಿಯೊಳಗ ಸುತ್ತಿ ಬರೋದ್ರಿಂದ ಪುಪ್ಪುಸದ ಗಡ್ಡಿ, ಟಿಬಿ ಗಂಟು ಒತ್ತಿದ್ರೂ ಮೊದಲ ದನಿನ ಹೋಗಬಹುದು. ನಾಳೆ ರಾಯಚೂರಿನ ಸರ್ಕಾರಿ ಆಸ್ಪತ್ರಿ ರಿಮ್ಸ್‌ನ ಇಎನ್‌ಟಿ (ಕಿವಿ-ಮೂಗು-ಗಂಟಲ) ಓಪಿಡಿಗೆ ಹೋಗ್ರಿ, ಕ್ಯಾಮೆರಾ ಹಾಕಿಸ್ರಿ.

ಅದೇ ಹುಡುಗ: ಅಲ್ಲೀತನ ಮನ್ಯಾಗ ಏನ್ ಮಾಡಬೇಕ್ರಿ? ಸಂತಿಗೆ ಹೋಗ್ತೀನಂತಾಳ.

ಉತ್ತರ: ಹೋಗಲಿ, ಕೂಗೋದು ನೀ ಕೂಗು. ನೀರು ಕುಡಿಯೋವಾಗ ಗದ್ದ ಎದಿಗೆ ಇಳಿಸಿ ಮುಖ ಎಡಕ್ಕ ಹೊಳ್ಳಿಸಿ ಸಣ್ಣ ಗುಟುಕು ನುಂಗಾಕ ಹೇಳು, ಹಂಗ ಮಾಡಿದ್ರ ಬಿದ್ದ ಬಾಜು ಮುಚ್ಚತೈತಿ, ಮೊದಲ ಸಲ ಥೆರಪಿಸ್ಟ್ ಎದುರಿಗೆ ಮಾಡಿ ನೋಡ್ರಿ. ಕೆಮ್ಮಿನ ಜೋಡಿ ಜ್ವರ ಬಂತಂದ್ರ ಅವತ್ತ ಆಸ್ಪತ್ರಿಗೆ ಕರಕೊಂಡು ಹೋಗು. ಇನ್ನ ವಾರಕ್ಕೊಮ್ಮೆ ಒಂದ ಉಸಿರಿನಾಗ "ಆ" ಅನ್ನಿಸಿ ಮೊಬೈಲ್‌ದಾಗ ರೆಕಾರ್ಡ್ ಮಾಡು, ಎಷ್ಟು ಸೆಕೆಂಡ್ ಬಂತು ಬರದಿಡು.

ಅದೇ ಹುಡುಗ: ಈಗ ಮಾಡಿಸಿದ್ನಿರಿ, ನಾಲ್ಕು ಸೆಕೆಂಡ್.

ಉತ್ತರ: ಆ ರೆಕಾರ್ಡ್ ಅಳಿಸಬ್ಯಾಡ. ಸೋಮವಾರ ನೋಟ್ಸ್ ತಗೊಂಡು ಅವ್ವನ್ನ ಕರಕೊಂಡ ಬಾ, ಜೆಲ್ ವಿಷಯ ಇಎನ್‌ಟಿ ಡಾಕ್ಟರ್ ಜೋಡಿ ಕೂತು ಮಾತಾಡೋಣು.