‘ಕ್ರಿಂಪ್’ ಮಾಡುವುದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಸಲ್ಲುತ್ತದೆ?

ಮಾನ್ಯರೇ,

ಹಗುರ ವಿಮಾನಗಳ ವಿದ್ಯುತ್ ಜೋಡಣೆಯ ಕುರಿತು ಮಂಗಳೂರಿನ ಐಟಿಐ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಪುಟಪುಟಕ್ಕೂ ಎದುರಾಗುವ ‘ಕ್ರಿಂಪ್’ ಎಂಬ, ಲೋಹದ ಪಿನ್ನಿನ ಕೊಳವೆಯನ್ನು ಅದುಮಿ ತಂತಿಯನ್ನು ಅದರೊಳಗೆ ಶಾಶ್ವತವಾಗಿ ಹಿಡಿಸುವ ಕ್ರಿಯೆಗೆ ಯಾವ ಪದವನ್ನು ಇಡಬೇಕೆಂಬುದು ಇತ್ಯರ್ಥವಾಗದ ಕಾರಣ ಈ ಪ್ರಶ್ನೆಯನ್ನು ಬಲ್ಲವರ ಮುಂದಿಡುತ್ತಿದ್ದೇನೆ. ನಿಘಂಟುಗಳಲ್ಲಿ ಸಾಮಾನ್ಯವಾಗಿ ಸಿಗುವ ‘ನಿರಿಗೆ ಹಿಡಿ’, ‘ಸುಕ್ಕುಗಟ್ಟಿಸು’ ಎಂಬ ಅರ್ಥಗಳು ಬಟ್ಟೆಗೂ ಕೂದಲಿಗೂ ಒಪ್ಪುತ್ತವೆ, ತಂತಿಗೆ ಒಪ್ಪುವುದಿಲ್ಲ.

ಪದವನ್ನು ತೂಗಿ ನೋಡುವ ಮೊದಲು ಕೆಲಸವನ್ನು ಸ್ಪಷ್ಟಪಡಿಸಬೇಕು. ರೇಡಿಯೋ ಮತ್ತು ಇತರ ಉಪಕರಣಗಳ ಹಿಂಬದಿಯಲ್ಲಿರುವ, 9, 15, 25 ಅಥವಾ 37 ಪಿನ್ನುಗಳ ಡಿ-ಸಬ್ ಕನೆಕ್ಟರಿನ (ತಂತಿಗಳನ್ನು ಉಪಕರಣಕ್ಕೆ ಸೇರಿಸುವ, ‘D’ ಆಕಾರದ ಜೋಡಕದ) ಪಿನ್ನು ಸುಮಾರು 1 ಮಿಲಿಮೀಟರ್ ದಪ್ಪವಿರುತ್ತದೆ. ಅದರ ಹಿಂತುದಿಯ ಪುಟ್ಟ ಕೊಳವೆಯೊಳಗೆ, ಹೊದಿಕೆ ಸುಲಿದ 22 ಗೇಜಿನ ತಂತಿಯ 19 ಎಳೆಗಳನ್ನೂ ಒಂದೂ ಹೊರಗುಳಿಯದಂತೆ ಸೇರಿಸಿ, ನಾಲ್ಕು ಕಡೆಯಿಂದ ಏಕಕಾಲಕ್ಕೆ ಒತ್ತುವ ಉಪಕರಣದಿಂದ ಕೊಳವೆಯ ಗೋಡೆಯನ್ನು ಒಳಕ್ಕೆ ತಗ್ಗಿಸುತ್ತಾರೆ. ಆಗ ಎಳೆಗಳು ತಮ್ಮ ದುಂಡಾಕಾರವನ್ನು ಕಳೆದುಕೊಂಡು, ಒಂದಕ್ಕೊಂದು ಮತ್ತು ಗೋಡೆಗೆ ಗಾಳಿಯೂ ನುಸುಳದಷ್ಟು ಅಂಟಿಕೊಳ್ಳುತ್ತವೆ. ಒತ್ತುವಿಕೆ ಪೂರ್ಣವಾಗುವವರೆಗೆ ಉಪಕರಣದ ಹಿಡಿ ಬಿಟ್ಟುಕೊಡುವುದಿಲ್ಲ. ಅರ್ಧದಲ್ಲಿ ಕೈಬಿಡಲು ಅದು ಅವಕಾಶವನ್ನೇ ಕೊಡದು. ತಂತಿ ಕೊಳವೆಯ ತಳದವರೆಗೆ ಹೋಗಿದೆಯೇ ಎಂದು ನೋಡಲು ಪಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಕಿಂಡಿಯಿದ್ದು, ಅದರಲ್ಲಿ ಎಳೆಗಳು ಕಾಣಿಸಬೇಕು.

ಈಗ ಪದಗಳಿಗೆ ಬರೋಣ. ‘ಅಮುಕು’ ಮತ್ತು ‘ಒತ್ತು’ ಎರಡೂ ಗುಂಡಿಯನ್ನು ಒತ್ತುವುದಕ್ಕೂ ಸಲ್ಲುವ ಪದಗಳು. ಕೈ ತೆಗೆದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ‘ಬಿಗಿ’ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ: ಬಿಗಿದದ್ದನ್ನು ಸಡಿಲಿಸಬಹುದು, ಸಡಿಲಾದರೆ ಮತ್ತೆ ಬಿಗಿಯಬಹುದು, ಆದರೆ ಕ್ರಿಂಪ್ ಸರಿಯಾಗದೆ ಕೆಟ್ಟ ಪಿನ್ನನ್ನು ಕತ್ತರಿಸಿ ಎಸೆದು ಹೊಸದನ್ನೇ ಹಾಕಬೇಕು. ‘ಬೆಸೆ’ ಎಂಬ ಪದ ಕಿವಿಗೆ ಎಷ್ಟೇ ಇಂಪಾಗಿದ್ದರೂ ನನ್ನ ದೃಷ್ಟಿಯಲ್ಲಿ ಅಪಾಯಕಾರಿಯೇ. ಅದನ್ನು ಓದಿದ ವಿದ್ಯಾರ್ಥಿ ಬೆಸುಗೆಯ ಕಡ್ಡಿಗೆ ಕೈ ಹಾಕಿದರೆ, ಕರಗಿದ ಸೀಸ-ತವರ ಎಳೆಗಳ ನಡುವೆ ಮೇಲಕ್ಕೇರಿ ಅಲ್ಲಿಯವರೆಗೆ ತಂತಿಯನ್ನು ಪೆಡಸುಗೊಳಿಸುತ್ತದೆ. ಎಂಜಿನ್ನಿನ ಕಂಪನಕ್ಕೆ ತಂತಿ ತುಂಡಾಗುವುದು ಪೆಡಸು ಮುಗಿದು ಮೆದು ಶುರುವಾಗುವ ಆ ಗಡಿಯಲ್ಲೇ.

ನನಗೆ ಹೆಚ್ಚು ಸರಿಯೆನಿಸಿರುವುದು ‘ಕಚ್ಚಿಸು’. ನಟ್ಟು ಬೋಲ್ಟಿಗೆ ಕಚ್ಚಿಕೊಂಡಿದೆ ಎಂದು ಗ್ಯಾರೇಜುಗಳಲ್ಲಿ ಹೇಳುವ ಮಾತಿನಲ್ಲಿ, ಬಲದ ಜೊತೆಗೆ ಸುಲಭವಾಗಿ ಬಿಡದೆ ಉಳಿಯುವ ಸ್ಥಿತಿಯೂ ಅಡಗಿದೆ. ‘ಪಿನ್ನಿಗೆ ತಂತಿಯನ್ನು ಕಚ್ಚಿಸಿ’, ‘ಎಳೆಗಳು ಪೂರ್ತಿ ಕಚ್ಚಿಲ್ಲ’, ‘ಅರೆಗಚ್ಚು’ ಎಂದೆಲ್ಲ ಒಂದೇ ಧಾತುವಿನಿಂದ ಕೆಲಸವನ್ನೂ ದೋಷವನ್ನೂ ಹೇಳಲು ಸಾಧ್ಯವಾಗುತ್ತದೆ. ‘ಕ್ರಿಂಪ್ ಮಾಡು’ ಎಂದೇ ಉಳಿಸಿಕೊಳ್ಳಬಹುದಲ್ಲ ಎಂದರೆ, ಉಪಕರಣದ ಹೆಸರಿಗೆ ಅದು ಇರಲಿ. ಆದರೆ ಹೊಸದಾಗಿ ಕಲಿಯುವವನಿಗೆ ಒಳಗೆ ನಡೆಯುವುದೇನು ಎಂಬುದನ್ನು ಅದು ತಿಳಿಸದು.

ಆದರೂ ಇಲ್ಲೊಂದು ನಿಜವಾದ ತೊಡಕಿದೆ. ಮರಕ್ಕೆ ಕಚ್ಚು ಹಾಕುವುದು ಎಂಬಲ್ಲಿ ‘ಕಚ್ಚು’ ಎಂದರೆ ಕೊಯ್ದ ಗುರುತು. ಹೊದಿಕೆ ಸುಲಿಯುವಾಗ ಅಲಗು ತಾಗಿ ಎಳೆಗೆ ಕಚ್ಚು ಬೀಳುವುದು ಈ ಕೆಲಸದಲ್ಲಿ ದೊಡ್ಡ ದೋಷ. ಕಚ್ಚು ಬಿದ್ದ ಎಳೆ ಕಾಲಕ್ರಮದಲ್ಲಿ ಅಲ್ಲೇ ತುಂಡಾಗುತ್ತದೆ. ‘ಎಳೆಗೆ ಕಚ್ಚು ಬೀಳಬಾರದು, ಆದರೆ ಎಳೆ ಚೆನ್ನಾಗಿ ಕಚ್ಚಬೇಕು’ ಎಂದು ಒಂದೇ ಪುಟದಲ್ಲಿ ಬರೆಯಬೇಕಾಗಿ ಬಂದರೆ ಓದುಗ ಗೊಂದಲಕ್ಕೆ ಬೀಳುವುದು ಸಹಜ. ದೋಷಕ್ಕೆ ‘ಗಾಯ’ ಎಂದೂ, ಕೊಳವೆಯ ಮೇಲೆ ಉಪಕರಣ ಮೂಡಿಸುವ ನಾಲ್ಕು ತಗ್ಗುಗಳಿಗೆ ‘ಗುಳಿ’ ಎಂದೂ ಬೇರ್ಪಡಿಸುವುದು ನಾನು ಸದ್ಯಕ್ಕೆ ಕಂಡುಕೊಂಡಿರುವ ದಾರಿ. ‘ಎಳೆಗೆ ಗಾಯವಾಗದಂತೆ ಸುಲಿಯಿರಿ’ ಎಂಬ ವಾಕ್ಯ ನನಗೆ ಸಹಜವಾಗಿಯೇ ಕೇಳಿಸುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸ ಹೊಸದೇನಲ್ಲ. ಮಂಗಳೂರಿನ ದಕ್ಕೆಯಲ್ಲಿಯೂ ಮಲ್ಪೆಯಲ್ಲಿಯೂ ಮೀನುಗಾರಿಕಾ ಬೋಟುಗಳ ವೈರಿಂಗ್ ಮಾಡುವವರು ಬ್ಯಾಟರಿ ತಂತಿಗಳ ತುದಿಗೆ ಲಗ್ (ತಂತಿಯನ್ನು ಬೋಲ್ಟಿಗೆ ಸೇರಿಸುವ ಲೋಹದ ತುದಿ) ಹಿಡಿಸುವುದಕ್ಕೆ ‘ಲಗ್ ಹೊಡೆಯುವುದು’ ಎನ್ನುತ್ತಾರೆ. ಉಪ್ಪುಗಾಳಿಯಲ್ಲಿ ಜೋಡಣೆ ಸಡಿಲವಿದ್ದರೆ ಎಳೆಗಳ ಸಂದಿಗೆ ತೇವ ಹೊಕ್ಕು ತಾಮ್ರಕ್ಕೆ ಕಿಲುಬು ಹಿಡಿಯುತ್ತದೆಂಬುದು ಅವರಿಗೆ ಅನುಭವದಿಂದಲೇ ಗೊತ್ತು. ಕಬ್ಬಿಣದ ‘ತುಕ್ಕು’ ಬೇರೆ, ತಾಮ್ರದ ‘ಕಿಲುಬು’ ಬೇರೆ ಎಂಬ ಈ ವ್ಯತ್ಯಾಸವನ್ನು ಕೈಪಿಡಿಯಲ್ಲಿಯೂ ಉಳಿಸಿಕೊಳ್ಳುತ್ತೇನೆ. ಆದರೆ ‘ಹೊಡೆ’ ಎಂದರೆ ಸುತ್ತಿಗೆ ನೆನಪಾಗುವುದರಿಂದ, ಉಗುರಿನ ತುದಿಯಲ್ಲಿ ಹಿಡಿಯಬೇಕಾದ ಪಿನ್ನಿಗೆ ಆ ಪದವನ್ನು ಬಳಸಲು ಮನಸ್ಸೊಪ್ಪುತ್ತಿಲ್ಲ.

ಆದ್ದರಿಂದ ಕೇಳುವುದು ಇಷ್ಟು: ಅಕ್ಕಸಾಲಿಗರಲ್ಲಿ, ಕಂಚುಗಾರರಲ್ಲಿ ಅಥವಾ ಬೋಟು ಕಟ್ಟುವವರಲ್ಲಿ, ಲೋಹದ ಕೊಳವೆಯನ್ನು ಕಾಯಿಸದೆ ಅದುಮಿ ಒಳಗಿನ ಸರಿಗೆಯನ್ನು ಶಾಶ್ವತವಾಗಿ ಹಿಡಿಸುವ ಕ್ರಿಯೆಗೆ ಬಳಕೆಯಲ್ಲಿರುವ ಪದವೇನಾದರೂ ಇದೆಯೇ? ಇದ್ದರೆ ಅದನ್ನು ಬಳಸುವ ಊರನ್ನೂ ಒಂದು ಉದಾಹರಣೆ ವಾಕ್ಯವನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ. ತುಳು, ಕೊಂಕಣಿ ಅಥವಾ ಬ್ಯಾರಿ ಮಾತಿನ ಪದವಾದರೂ ಕನ್ನಡದ ವಾಕ್ಯದಲ್ಲಿ ಹೊಂದುವಂತಿದ್ದರೆ ಸ್ವೀಕರಿಸಲು ನನ್ನ ಅಭ್ಯಂತರವಿಲ್ಲ.