ಅದೇ ದುಡ್ಡಿಗೆ 2021ರ ಸರ್ಟಿಫೈಡ್ ಸಿಟಿಯೋ, ಡಿಸ್ಕೌಂಟಿನ ಹೊಸ ಬಲೆನೊವೋ?

ಪೇಢಾನಗರಿ:
ನಮಸ್ಕಾರ್ರಿ ಎಲ್ಲಾರಿಗೂ. ನಾವು ಧಾರವಾಡದವ್ರು. ಮನ್ಯಾಗಿನ ಹಳೇ ಸ್ಯಾಂಟ್ರೊ ಕೊಟ್ಟು ಬ್ಯಾರೆ ಗಾಡಿ ತಗೋಬೇಕಂತ ಮಾಡೇವಿ. ಕೈಯಾಗ ಎರಡು ಕೊಟೇಶನ್ ಅದಾವ.

ಒಂದು, ಬೆಂಗಳೂರಿನ ಒಂದು ಸರ್ಟಿಫೈಡ್ ಕಾರ್ ಮಾರೋ ಕಂಪನಿದು. 2021 ಮಾರ್ಚ್‌ನ ಹೋಂಡಾ ಸಿಟಿ ವಿಎಕ್ಸ್, ಪೆಟ್ರೋಲ್, ಮ್ಯಾನ್ಯುವಲ್. ಒಬ್ಬರ ಕೈಯಾಗ ಇದ್ದದ್ದು, 41,000 ಕಿ.ಮೀ. ಓಡೇತಿ, ಕೆಎ-53 ನಂಬರ್. ಬೆಲೆ 9.35 ಲಕ್ಷ, ಆರ್‌ಸಿ ನಮ್ಮ ಹೆಸರಿಗೆ ಮಾಡಿಕೊಡೋ ಖರ್ಚು ಅವರದ. ಒಂದು ವರ್ಷ ವಾರಂಟಿ ಅಂತಾರ.

ಇನ್ನೊಂದು, ಹೊಸ ಬಲೆನೊ. ಎಕ್ಸ್-ಶೋರೂಮ್ 8.10 ಲಕ್ಷ, ಎಲ್ಲಾ ಸೇರಿ 10.06 ಲಕ್ಷ. ಕ್ಯಾಶ್ ಡಿಸ್ಕೌಂಟ್ 45,000, ಎಕ್ಸ್‌ಚೇಂಜ್ ಬೋನಸ್ 20,000 ಕಳೆದ್ರ 9.41. ಸ್ಯಾಂಟ್ರೊ ಬೆಲೆ ಬ್ಯಾರೆ. ಡಿಸೆಂಬರ್ ಮುಗಿಯೋದ್ರಾಗ ಬುಕ್ ಮಾಡ್ರಿ ಅಂತ ದಿನಾ ಫೋನ್ ಹಚ್ಚಾಕತ್ತಾರ.

ಓಡಾಟ ಅಂದ್ರ ವಾರದಾಗ ಎರಡು-ಮೂರು ಸಲ ಹುಬ್ಬಳ್ಳಿ, ಆಗಾಗ ಶಿರಸಿ. ಅಪ್ಪಾವ್ರಿಗೆ ಮೊಣಕಾಲು ನೋವು. ಎರಡರಾಗ ಯಾವುದಾದ್ರೂ 5 ಲಕ್ಷ ಸಾಲ ಬೇಕಾಗತೈತಿ. ಏನ್ ಮಾಡೋಣ ಹೇಳ್ರಿ.

ಎರಡನೇ ಗೇರು:
ಯೋಚನೆ ಮಾಡೋದೇ ಬೇಡ, ಸಿಟಿ ತಗೊಳ್ಳಿ. ಆ ಕಾರು ಹೊಸದಿದ್ದಾಗ ಎಕ್ಸ್-ಶೋರೂಮ್ 13 ಲಕ್ಷದ ಆಸುಪಾಸು. ನಮ್ಮ ರಾಜ್ಯದಲ್ಲಿ 10 ಲಕ್ಷ ದಾಟಿದ ಕಾರಿಗೆ 17% ಲೈಫ್‌ಟೈಮ್ ಟ್ಯಾಕ್ಸ್, ಅದರ ಮೇಲೆ 11% ಸೆಸ್. ಅಂದರೆ ಮೊದಲನೇ ಓನರ್ ಬರೀ ತೆರಿಗೆಯೆಂದೇ ಎರಡೂವರೆ ಲಕ್ಷದ ಹತ್ತಿರ ಕಟ್ಟಿದ್ದಾನೆ. ನಂಬರ್ ಇದೇ ರಾಜ್ಯದ್ದು, ನೀವು ಮತ್ತೆ ಕಟ್ಟಬೇಕಾಗಿಲ್ಲ. ಬೆಲೆ ಜೋರಾಗಿ ಬೀಳುವ ವರ್ಷಗಳೂ ಅವನ ತಲೆ ಮೇಲೇ ಕಳೆದಿವೆ. 1.5 ಲೀಟರ್ ಎಂಜಿನ್, 506 ಲೀಟರ್ ಡಿಕ್ಕಿ, ಆರು ಏರ್‌ಬ್ಯಾಗ್. ಬಲೆನೊ ಡಿಕ್ಕಿ 318 ಲೀಟರ್. ಎರಡೂ ಒಂದೇ ಬೆಲೆಗೆ ಸಿಗುವಾಗ ಹೊಸದರ ವಾಸನೆಗೆ ಯಾಕೆ ಮರುಳಾಗ್ತೀರಿ?

ಕರಾವಳಿ ಕ್ಲಚ್:
@ಎರಡನೇ ಗೇರು, ಬೀಳುವುದೆಲ್ಲ ಬಿದ್ದು ಮುಗಿದಿದೆ ಎಂದು ಹೇಳುವುದು ಹೇಗೆ ಮಾರಾಯ್ರೆ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ತೆರಿಗೆ 29%ನಿಂದ 18%ಗೆ ಇಳಿದಿದೆ. ನಾಲ್ಕು ಮೀಟರ್ ದಾಟಿದ ಸಿಟಿಯಂಥದಕ್ಕೆ 45% ಇದ್ದದ್ದು 40% ಆಗಿದೆ. ಹೊಸ ಕಾರಿನ ಬೆಲೆಯೇ ಇಳಿದ ಮೇಲೆ ಹಳೆಯದು ಮೊದಲಿನ ರೇಟಿನಲ್ಲೇ ನಿಂತರೆ ಅದು ತುಟ್ಟಿಯೇ. ಆ 9.35 ಯಾವಾಗ ಹಾಕಿದ ಬೆಲೆ ಅಂತ ಮೊದಲು ಕೇಳಿ.

ಲೆಕ್ಕದ ಪುಸ್ತಕ:
ಸಾಲದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ನಾನು ಬ್ಯಾಂಕಿನಲ್ಲಿರುವವಳು, ಅದಕ್ಕೇ ಕಣ್ಣು ಅಲ್ಲಿಗೇ ಹೋಯಿತು. ಹೊಸ ಕಾರಿಗೆ 9% ಅಂತಲೂ ಹಳೆಯದಕ್ಕೆ 13% ಅಂತಲೂ ಹಿಡಿಯೋಣ. 5 ಲಕ್ಷಕ್ಕೆ ಐದು ವರ್ಷದ ಕಂತು ಮೊದಲನೆಯದಕ್ಕೆ 10,379, ಎರಡನೆಯದಕ್ಕೆ 11,377. ತಿಂಗಳಿಗೆ ಸಾವಿರ ಅಂದರೆ ಸಣ್ಣದಾಗಿ ಕಾಣುತ್ತದೆ, ಕೊನೆಗೆ ಅದೇ 60,000. ಆ ಕಾರು ನಿಮಗೆ 9.35ಕ್ಕಲ್ಲ, 9.95ಕ್ಕೆ ಬೀಳುತ್ತದೆ.

ಹಾಗಂತ ಬಲೆನೊ ಕೊಟೇಶನ್ನೂ ನನಗೆ ಸರಿ ಕಾಣುತ್ತಿಲ್ಲ. 8.10 ಲಕ್ಷಕ್ಕೆ 14% ಟ್ಯಾಕ್ಸ್ 1,13,400, ಸೆಸ್ 12,474. ಒಟ್ಟು 9.36 ಆಯಿತು. ಅಲ್ಲಿಂದ 10.06ಕ್ಕೆ ಹೇಗೆ ಏರಿತು? ಆ 70,000 ಏನೇನು, ಒಂದೊಂದು ಸಾಲೂ ಇಲ್ಲಿ ಹಾಕಿ ಸರ್.

ಪೇಢಾನಗರಿ:
ಬರದೇನಿ ನೋಡ್ರಿ. ಇನ್ಶೂರೆನ್ಸ್ 42,000. ಎಸೆನ್ಷಿಯಲ್ ಕಿಟ್ 12,800. ಎಕ್ಸ್‌ಟೆಂಡೆಡ್ ವಾರಂಟಿ 14,000. ಉಳಿದದ್ದು ರಿಜಿಸ್ಟ್ರೇಶನ್, ಫಾಸ್ಟ್ಯಾಗ್ ಅಂತ ಚಿಲ್ಲರೆ.

ಶೋರೂಮ್ ಮಾಜಿ:
ಆರು ವರ್ಷದ ಕೆಳಗೆ ನಾನೇ ಇಂಥ ಕೊಟೇಶನ್ ಬರೀತಿದ್ದೆ (ಬೇರೆ ಬ್ರ್ಯಾಂಡು). ಎಡಗೈಯಲ್ಲಿ ಡಿಸ್ಕೌಂಟ್ ಕೊಟ್ಟು ಬಲಗೈಯಲ್ಲಿ ವಾಪಸ್ ಎತ್ಕೊಳ್ಳೋದು ಈ ಮೂರು ಸಾಲಲ್ಲೇ. ಕಿಟ್ ಅಂದ್ರೆ ಮ್ಯಾಟು, ಮಡ್‌ಫ್ಲ್ಯಾಪು, ಸೀಟ್ ಕವರು. ಬೇಡ ಅಂತ ಬರ್ಕೊಟ್ರೆ ತೆಗೀಲೇಬೇಕು. ಇನ್ಶೂರೆನ್ಸ್ ಅವರ ಹತ್ರಾನೇ ಮಾಡಿಸ್ಬೇಕು ಅಂತ ಯಾವ ಕಾನೂನೂ ಇಲ್ಲ. ವಾರಂಟಿ ಕಂಪನಿಯದೇ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಇದೆ, ಎಕ್ಸ್‌ಟೆಂಡೆಡ್ ಇವತ್ತೇ ಕೊಳ್ಳೋ ಅವಸರ ಇಲ್ಲ.

ಇನ್ನೊಂದು. ಸ್ಯಾಂಟ್ರೊಗೆ ಫುಲ್ ಇನ್ಶೂರೆನ್ಸ್ ಇದ್ಯಾ? ಕ್ಲೇಮ್ ಮಾಡದೆ ಬಂದಿದ್ರೆ ನೋ ಕ್ಲೇಮ್ ಬೋನಸ್ 50% ತನಕ ಇರುತ್ತೆ. ಅದು ಕಾರಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಹಳೆ ಕಾರು ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ತಗೊಂಡ್ರೆ ಹೊಸ ಪಾಲಿಸಿಯ ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗೋ ಹಾನಿ) ಭಾಗದಲ್ಲಿ ಅಷ್ಟು ಕಡಿಮೆ ಆಗುತ್ತೆ. ಥರ್ಡ್ ಪಾರ್ಟಿ (ಬೇರೆಯವರಿಗೆ ಆಗೋ ಹಾನಿ) ಭಾಗ ಇಳಿಯಲ್ಲ, ಹೊಸ ಕಾರಿಗೆ ಅದನ್ನ 3 ವರ್ಷದ್ದು ಒಟ್ಟಿಗೆ ಕಟ್ಟಲೇಬೇಕು. ಸೇಲ್ಸ್ ಹುಡುಗ ಇದನ್ನ ತಾನಾಗೇ ಹೇಳಲ್ಲ. ನಾನೂ ಹೇಳ್ತಿರ್ಲಿಲ್ಲ.

ಎರಡನೇ ಗೇರು:
ಇದೇ ಎನ್‌ಸಿಬಿ ಸಿಟಿ ತಗೊಂಡರೂ ಸಿಗುತ್ತೆ ಅನ್ನೋದನ್ನ ಸೇರಿಸಿ, ಇಲ್ಲದಿದ್ದರೆ ತಕ್ಕಡಿ ಒಂದೇ ಕಡೆ ವಾಲುತ್ತೆ.

ಶೋರೂಮ್ ಮಾಜಿ:
ಸಿಗುತ್ತೆ, ನಿಜ. ಆದ್ರೆ ಸಿಟಿ ಮೊದಲನೇ ಓನರ್‌ದು ಇವರಿಗೆ ಬರಲ್ಲ. "ಪಾಲಿಸಿ ಇನ್ನೂ ಇದೆ, ಬೋನಸ್ ಸಮೇತ ಬರುತ್ತೆ" ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ.

ಗ್ಯಾರೇಜ್ ಗಂಗಣ್ಣ:
ದುಡ್ಡಿನ ಲೆಕ್ಕ ಆಮೇಲೆ ಹಾಕ್ಕೊಳಿ. ಕೆಎ-53 ಅಂದ್ರೆ ಕೆ.ಆರ್. ಪುರ ಆರ್‌ಟಿಓ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಔಟರ್ ರಿಂಗ್ ರೋಡು ಅಷ್ಟೂ ನೀರಲ್ಲಿ ನಿಂತಿತ್ತು. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎಷ್ಟು ಕಾರು ಮುಳುಗಿದ್ವು ಅಂತ ಟಿವೀಲಿ ಎಲ್ಲಾರೂ ನೋಡಿದೀರ. ಆ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ ಸಾರ್. ನಿಮ್ದೂ ಅದೇ ಅಂತ ನಾನು ಹೇಳ್ತಿಲ್ಲ, ನೋಡ್ಕೊಂಡು ತಗೊಳಿ ಅಷ್ಟೆ.

ಹೆಂಗೆ ನೋಡೋದು ಅಂದ್ರೆ, ಸೀಟ್ ಬೆಲ್ಟನ್ನ ಕೊನೇತನಕ ಎಳೀರಿ. ಸೀಟು, ಕಾರ್ಪೆಟ್ಟು, ಮ್ಯಾಟು ಎಲ್ಲಾ ತೊಳೀತಾರೆ, ಒಳಗೆ ಸುತ್ಕೊಂಡಿರೋ ಬೆಲ್ಟಿನ ಕೊನೇ ಒಂದೂವರೆ ಅಡಿ ತೊಳೆಯೋರು ಕಮ್ಮಿ. ಅಲ್ಲಿ ಮಣ್ಣಿನ ಗೆರೆ ಕಾಣುತ್ತೆ. ಮುಂದಿನ ಸೀಟ್ ಪೂರ್ತಿ ಹಿಂದಕ್ಕೆ ತಳ್ಳಿ ಕೆಳಗಿನ ಬೋಲ್ಟು, ರೈಲು ನೋಡಿ, ತುಕ್ಕು ಹಿಡಿದಿದ್ರೆ ಕೈ ಮುಗಿದು ಬನ್ನಿ. ಸ್ಟೆಪ್ನಿ ಎತ್ತಿ ಕೆಳಗಡೆ ಬೆರಳು ಹಾಕಿ. ಬಾನೆಟ್, ಫೆಂಡರ್ ಬೋಲ್ಟಿನ ತಲೆ ಮೇಲೆ ಪೇಂಟ್ ಕಿತ್ತಿದ್ರೆ ಸ್ಪ್ಯಾನರ್ ಬಿದ್ದಿದೆ ಅಂತ ಅರ್ಥ. ಟೈರ್ ಮೇಲೆ ನಾಲ್ಕಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿ ನಂಬರ್ ಹಿಡ್ಕೊಂಡು ಆಥರೈಸ್ಡ್ ಸರ್ವಿಸ್‌ನಲ್ಲಿ ಹಿಸ್ಟರಿ ತೆಗೆಸಿ, ಕಿಲೋಮೀಟ್ರು ಅಲ್ಲೇ ಗೊತ್ತಾಗುತ್ತೆ.

ಕರಾವಳಿ ಕ್ಲಚ್:
ಗಂಗಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಂಗಳೂರಿನ ಕಾರಲ್ಲವೇ, ಟ್ರಾಫಿಕ್ ಫೈನ್ ಎಷ್ಟು ಬಾಕಿ ಇದೆ ನೋಡಿ. ಅದು ನಂಬರಿಗೆ ಅಂಟಿಕೊಂಡಿರುತ್ತದೆ.

ಮತ್ತೆ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿನ ಕಥೆ? ಬಂಕಿನಲ್ಲಿ ಈಗ ಸಿಗುವುದೇ ಅದು. 2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳ ಬಗ್ಗೆ ಅನುಮಾನ ಇದ್ದೇ ಇದೆ.

ಎರಡನೇ ಗೇರು:
ಎಲ್ಲಾ ಕಾರನ್ನೂ ಒಂದೇ ದಾರಕ್ಕೆ ಪೋಣಿಸಬೇಡಿ. 2009ರಿಂದೀಚೆ ತಾನು ಇಲ್ಲಿ ಮಾಡಿದ ಕಾರುಗಳ ಬಿಡಿಭಾಗಗಳು ಇ20 ತಾಳುತ್ತವೆ ಅಂತ ಹೋಂಡಾ ಹೇಳಿದೆ. ಮೈಲೇಜ್ ಸ್ವಲ್ಪ ಇಳಿಯುತ್ತೆ, ಅದು ಹೊಸ ಕಾರಿಗೂ ತಪ್ಪಿದ್ದಲ್ಲ.

ಹಂಪ್ ವಿಷಯಾನೂ ಯಾರಾದ್ರೂ ಎತ್ತುವ ಮೊದಲೇ ಹೇಳಿಬಿಡ್ತೀನಿ. ಸೆಡಾನ್ ತಳ ತಾಗುತ್ತೆ ಅಂತ ಎಲ್ಲರೂ ಅಂತಾರೆ. ಸಿಟಿ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ., ಬಲೆನೊ 170. ಐದೇ ಮಿ.ಮೀ.!

ಗ್ಯಾರೇಜ್ ಗಂಗಣ್ಣ:
ಐದು ಮಿ.ಮೀ. ಕಾಗದದ ಮೇಲೆ. ಸಿಟಿ ಉದ್ದದ ಗಾಡಿ, ಎರಡು ಚಕ್ರದ ಮಧ್ಯೆ 2,600 ಮಿ.ಮೀ., ಬಲೆನೊಗೆ 2,520. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬ್ಕೊಂಡು ನಮ್ಮೂರ ಹಂಪ್ ಹತ್ತಿಸಿ ನೋಡಿ, ಹೊಟ್ಟೆ ಎಲ್ಲಿ ಉಜ್ಜುತ್ತೆ ಅಂತ. ಹಂಪ್ ಹಾಕೋ ಪುಣ್ಯಾತ್ಮರು ಟೇಪ್ ಹಿಡ್ಕೊಂಡು ಹಾಕಲ್ಲ.

ಮಲೆನಾಡ ಮಗಳು:
ಇಷ್ಟೊತ್ತು ಓದಿದೆ, ಅವರ ಅಪ್ಪನ ಮೊಣಕಾಲಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಸಿಟಿ ಸೀಟು ತಗ್ಗು. ಕೂರುವುದು ಸುಲಭ, ಏಳುವುದೇ ಕಷ್ಟ. ನಮ್ಮ ಅಮ್ಮ ಸೆಡಾನಿನಿಂದ ಇಳಿಯುವಾಗ ಬಾಗಿಲ ಮೇಲೆ ಭಾರ ಹಾಕಿ ಹಾಕಿ ಹಿಂಜೇ ಸಡಿಲಾಗಿತ್ತು. ಬಲೆನೊ ಕೂಡ ಏನು ಎತ್ತರದ್ದಲ್ಲ, ನಿಜ ಹೇಳಬೇಕೆಂದರೆ ಈ ದುಡ್ಡಿಗೆ ಎತ್ತರದ ಸೀಟಿನದು ಬೇರೆ ಹುಡುಕಬಹುದಿತ್ತು. ಇವೆರಡೇ ಅಂತಾದರೆ ಅಪ್ಪನನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಿ.

ಪೇಢಾನಗರಿ:
ಎಲ್ಲಾರ ಮಾತೂ ಕೇಳಿ ಬೆಂಗಳೂರಿಗೆ ಹೋಗಿ ಬಂದ್ನಿರಿ. ಗಂಗಣ್ಣನವ್ರು ಹೇಳಿದಂಗ ಬೆಲ್ಟ್ ಎಳದು ನೋಡಿದೆ, ಸ್ವಚ್ಛ ಐತಿ. ಸೀಟ್ ಕೆಳಗ ತುಕ್ಕಿಲ್ಲ. ಸರ್ವಿಸ್ ಹಿಸ್ಟರಿನೂ ತಗಸಿದೆ, ಕಿಲೋಮೀಟರ್ ಹೊಂದತೈತಿ. 2022 ಅಕ್ಟೋಬರ್‌ದಾಗ ಮಾತ್ರ ಇನ್ಶೂರೆನ್ಸ್‌ನಾಗ ಮುಂದಿನ ಬಂಪರ್, ಬಲಗಡೆ ಫೆಂಡರ್ ಬದಲಿ ಮಾಡ್ಯಾರ. ಟೈರ್ ನಾಲ್ಕೂ 4820, ಅಂದ್ರ 2020ರವು.

ಆಮ್ಯಾಲ ವಾರಂಟಿ ಪುಸ್ತಕ ಕೇಳಿದೆ. ಬುಕ್ ಮಾಡಿದ ಮ್ಯಾಲ ಕೊಡ್ತೀವಿ ಅಂದ್ರು. ಈಗ ಕೊಟ್ರ ಮಾತ್ರ ಮುಂದಿನ ಮಾತು ಅಂದೆ, ಮೊಬೈಲಿಗೆ ಕಳಿಸಿದ್ರು. ಒಂದು ವರ್ಷ ಅಥವಾ 15,000 ಕಿ.ಮೀ., ಎಂಜಿನ್ ಮತ್ತ ಗೇರ್‌ಬಾಕ್ಸ್ ಅಷ್ಟ. ಕ್ಲಚ್ ಇಲ್ಲ, ಸಸ್ಪೆನ್ಶನ್ ಇಲ್ಲ, ಎಸಿ ಇಲ್ಲ, ಸ್ಕ್ರೀನು ಇಲ್ಲ. ಕೊನೇ ಪುಟದಾಗ ಸಣ್ಣ ಅಕ್ಷರದಾಗ ಐತಿ, ರಿಪೇರಿ ಬೆಂಗಳೂರಿನ ಅವರ ವರ್ಕ್‌ಶಾಪಿನಾಗ ಮಾತ್ರ, ಗಾಡಿ ಅಲ್ಲೀತನಕ ತರೋ ಖರ್ಚು ನಮ್ಮದು.

ಲೆಕ್ಕದ ಪುಸ್ತಕ:
ಧಾರವಾಡದಿಂದ ನಾಲ್ಕುನೂರು ಕಿ.ಮೀ. ಮೇಲೆ ಟೋ ಮಾಡಿಸಿಕೊಂಡು ಹೋಗಿ ಪಡೆಯುವ ವಾರಂಟಿ! ನಿಮ್ಮ ಮಟ್ಟಿಗೆ ಅದರ ಬೆಲೆ ಸೊನ್ನೆ ಅಂತಲೇ ಹಿಡಿಯಿರಿ. ಸರ್ಟಿಫೈಡ್ ಎನ್ನುವ ಮಾತಿಗೆ ಸರಕಾರದ ಮುದ್ರೆ ಏನೂ ಇಲ್ಲ. ಮಾರುವವನು ತಾನೇ ಪರೀಕ್ಷೆ ಬರೆದು ತಾನೇ ಅಂಕ ಕೊಟ್ಟುಕೊಂಡದ್ದು. ಆ ಕೊನೆಯ ಪುಟದಲ್ಲಿ ಇರುವಷ್ಟೇ ಅದರ ತೂಕ.

ಎರಡನೇ ಗೇರು:
ವಾರಂಟಿ ಸೊನ್ನೆ ಅಂತಲೇ ಇಟ್ಟುಕೊಳ್ಳಿ, ಕಾರು ಸೊನ್ನೆ ಆಗಲಿಲ್ಲವಲ್ಲ! ನೀರು ನುಗ್ಗಿಲ್ಲ, ಕಿಲೋಮೀಟರ್ ಸರಿ ಇದೆ, ಬಂಪರ್-ಫೆಂಡರ್ ಬೆಂಗಳೂರಲ್ಲಿ ಯಾರ ಗಾಡೀದು ಹೋಗಿಲ್ಲ? ಇವರಿಗೆ ಬೇಕಾಗಿದ್ದು ಕಾರೋ ವಾರಂಟಿ ಪುಸ್ತಕಾನೋ? ಇದನ್ನೇ ಸರ್ಟಿಫಿಕೇಟ್ ಇಲ್ಲದೆ ಓನರ್ ಹತ್ತಿರ ನೇರವಾಗಿ ಕೊಂಡಿದ್ದರೆ ಇನ್ನೂ ಕಡಿಮೆಗೆ ಸಿಗುತ್ತಿತ್ತು. ಮಧ್ಯದವರು ತಮ್ಮ ಲಾಭದ ಮೇಲೆ 18% ಜಿಎಸ್‌ಟಿ ಕಟ್ಟುತ್ತಾರೆ, ಅದೂ ನಿಮ್ಮ ಬೆಲೆಯಲ್ಲೇ ಕೂತಿರುತ್ತೆ. ಟೈರಿಗೆ, ವಾರಂಟಿಗೆ ಅಂತ 60,000 ಇಳಿಸಿ ಅನ್ನಿ.

ಪೇಢಾನಗರಿ:
ಕೇಳಿದೆ. 25,000ಕ್ಕಿಂತ ಕೆಳಗ ಇಳಿಯವಲ್ರು. ಹೊಸ ಟೈರಿಗೇ ಅಷ್ಟು ಹೋಗತೈತಿ.

ಈ ಕಡೆ ಶೋರೂಮಿನವ್ರಿಗೆ ಕಿಟ್ ಬ್ಯಾಡ, ಎಕ್ಸ್‌ಟೆಂಡೆಡ್ ಬ್ಯಾಡ ಅಂತ ಮೇಲ್ ಮಾಡಿದೆ. ಹೊರಗ ಇನ್ಶೂರೆನ್ಸ್ ಕೇಳಿದ್ರ ಎನ್‌ಸಿಬಿ ಹಿಡೀದನ 33,000 ಅಂದ್ರು. ಹಂಗಂದ್ರ 9.41 ಇದ್ದದ್ದು 9.05ಕ್ಕ ಬಂತು, ಸ್ಯಾಂಟ್ರೊದ ನೋ ಕ್ಲೇಮ್ ಬೋನಸ್ ಹಿಡದ್ರ ಇನ್ನೂ ಇಳಿತೈತಿ. ಅಪ್ಪಾವ್ರನ್ನೂ ಕರಕೊಂಡು ಹೋಗಿದ್ದೆ. ಬಲೆನೊದಾಗ ಒಂದು ಕೈ ಹಿಡದು ಎದ್ದ್ರು. ಗುರುತಿನವರ ಒಂದು ಸಿಟಿ ಇಲ್ಲೇ ಐತಿ, ಅದರಾಗ ಕುಂತು ಏಳೂವಾಗ ನಾನು ಎಬ್ಬಸಬೇಕಾತು. ಬಲೆನೊ ಅಂತ ಮನ್ಯಾಗ ನಿರ್ಧಾರ ಆಗೇತಿ.

ಶೋರೂಮ್ ಮಾಜಿ:
ಗಾಡಿ ತಯಾರಾದ ತಿಂಗಳು ಬಿಲ್ ಹಾಕೋಕೆ ಮುಂಚೆ ಕೇಳಿ, ಆರ್‌ಸಿ ಮೇಲೆ ಅದು ಅಚ್ಚಾಗುತ್ತೆ. ಯಾರ್ಡಲ್ಲಿ ಮಳೆಗಾಲ ಪೂರ್ತಿ ನಿಂತಿದ್ರೆ ಬ್ಯಾಟರಿ, ಟೈರು, ವೈಪರ್ ನೋಡಿ. ಹತ್ತು ವರ್ಷ ಇಟ್ಕೊಳ್ತೀನಿ ಅಂದ್ರೆ ತಿಂಗಳು ದೊಡ್ಡ ವಿಷಯ ಅಲ್ಲ. ಮೂರು ವರ್ಷಕ್ಕೆ ಮಾರೋರಾದ್ರೆ ಅದೇ ದೊಡ್ಡದು. ರಿಜಿಸ್ಟ್ರೇಶನ್ ಜನವರಿಗೆ ತಳ್ಳಿದ್ರೂ ತಯಾರಾದ ವರ್ಷ 2025 ಅಂತಲೇ ಇರುತ್ತೆ.

ಪೇಢಾನಗರಿ:
ಮೇ ತಿಂಗಳಿಂದು ಐತಂತ್ರಿ. ಸ್ಯಾಂಟ್ರೊನ ಹದಿನೈದು ವರ್ಷ ಓಡಿಸಿದ ಮನಿ ನಮ್ಮದು, ಮಾರೋ ಚಿಂತಿ ಇಲ್ಲ.

ಎರಡನೇ ಗೇರು:
ನಿಮ್ಮ ಇಷ್ಟ, ನನಗಿನ್ನೂ ಒಪ್ಪಿಗೆ ಇಲ್ಲ. ಆ ಸಿಟಿ ಲಿಂಕ್ ಇದ್ದರೆ ನನಗೆ ಮೆಸೇಜ್ ಮಾಡಿ. ನಮ್ಮ ಭಾವ ಮಾರತ್ತಹಳ್ಳೀಲಿ ಇರೋದು, ಆ ವರ್ಕ್‌ಶಾಪು ಅವರ ಮನೆಗೆ ಎರಡೇ ಸ್ಟಾಪು. ಅವರಿಗೆ ವಾರಂಟಿ ಸೊನ್ನೆ ಆಗಲ್ಲ.

ಪೇಢಾನಗರಿ:
ಕಳಿಸೇನ್ರಿ. ನಿಮ್ಮ ಭಾವಗ 25,000 ಇಳಿಸೇ ಮಾತು ಶುರು ಮಾಡಾಕ ಹೇಳ್ರಿ, ಅಷ್ಟಕ್ಕ ಆಗಲೇ ಒಪ್ಯಾರ. ಅಲ್ಲಿಂದ ಕೆಳಗ ಎಷ್ಟು ಜಗ್ತಾರೋ ಅವರ ತಾಕತ್ತು.